ಔಷಧದಾನ ಮತ್ತು ಅಪ್ರಮಾದ: ರೋಗಿ ಬೆಕ್ಕೊಂದರ ಪ್ರಸಂಗ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರಸ್ತಂಭಗಳು. ಮುನಿಗಳು, ಆರ್ಯಿಕೆಯರು, ವ್ರತಿಕರು ಇವರಿಗೆ ಸಲ್ಲುವ ದಾನದ ವಿಧಿನಿಯಮಗಳನ್ನು ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ಹೇಳುತ್ತವೆ. ಆದರೆ ಪಾತ್ರದಾನದ ಜೊತೆಗೇ ದಯಾದತ್ತಿಯೂ ಉಂಟು. ಅದಕ್ಕೆ ಪಾತ್ರಾಪಾತ್ರ ವಿಚಾರವಿಲ್ಲ. ನೋವುಣ್ಣುವ ಜೀವವೆಂಬುದೊಂದೇ ಅದರ ಅರ್ಹತೆ. ಹೀಗಿರುವಾಗ ಮನೆಯ ಅಂಗಳದಲ್ಲಿರುವ ತಿರ್ಯಂಚ ಜೀವಿಯೊಂದಕ್ಕೆ ದೀರ್ಘಕಾಲದ ರೋಗ ಬಂದರೆ, ಅದಕ್ಕೆ ಪ್ರತಿದಿನವೂ ಎರಡು ಬಾರಿ ಸೂಜಿ ಚುಚ್ಚಬೇಕಾದರೆ, ಅದರ ಔಷಧದ ಹಾಗೂ ಆಹಾರದ ಮೂಲದಲ್ಲಿಯೇ ಹಿಂಸೆಯ ಶಂಕೆ ಇದ್ದರೆ, ಶ್ರಾವಕನು ಏನು ಮಾಡಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದೆಂದು ತೋರಬಹುದು. ವಿಚಾರಿಸಿ ನೋಡಿದರೆ ಅಹಿಂಸಾಣುವ್ರತದ ಬಹುತೇಕ ಎಲ್ಲ ಕಗ್ಗಂಟುಗಳೂ ಇದರೊಳಗೆ ಅಡಗಿವೆ.

ಉತ್ತರ ಕರ್ನಾಟಕದ ಒಂದು ಪಟ್ಟಣದ ಕಾಳುಕಡಿ ವ್ಯಾಪಾರಿಯ ಮನೆಯ ಪ್ರಸಂಗವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಮನೆಯವರು ಬೆಕ್ಕನ್ನು ಕೊಂಡು ತಂದವರಲ್ಲ. ಮಳೆಗಾಲದ ಒಂದು ರಾತ್ರಿ ಮರಿಯೊಂದು ತಾನಾಗಿ ಅಂಗಡಿಯ ಗೋಣಿಚೀಲಗಳ ನಡುವೆ ಬಂದು ಸೇರಿತು, ಹೋಗಲಿಲ್ಲ. ಹಾಲು, ಅನ್ನ, ಆಗಾಗ ಚಪಾತಿಯ ಚೂರು. ಇದೇ ಅದರ ಊಟವಾಯಿತು. ಹತ್ತು ಹನ್ನೊಂದು ವರ್ಷಗಳಲ್ಲಿ ಅದು ದಪ್ಪಗೆ ಬೆಳೆಯಿತು. ಅನಂತರ ಇದ್ದಕ್ಕಿದ್ದಂತೆ ಇಳಿಯತೊಡಗಿತು. ತಟ್ಟೆಯ ನೀರೆಲ್ಲ ಕುಡಿದು ಬಚ್ಚಲಿನ ನೀರನ್ನೂ ನೆಕ್ಕುವುದು, ಮೇಲಿಂದ ಮೇಲೆ ಮೂತ್ರ ಮಾಡುವುದು, ಎಷ್ಟು ತಿಂದರೂ ಬೆನ್ನೆಲುಬು ಕೈಗೆ ಹತ್ತುವುದು, ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ ಮುದುಕನಂತೆ ನಡೆಯುವುದು. ಈ ಲಕ್ಷಣಗಳನ್ನು ಕೇಳಿದೊಡನೆ ಪಶುವೈದ್ಯರು ಮಧುಮೇಹವೆಂದು ಊಹಿಸಿದರು. ರಕ್ತದಲ್ಲಿ ಸಕ್ಕರೆಯ ಪ್ರಮಾಣ 420 ಮಿಲಿಗ್ರಾಂ ಇತ್ತು. ಬೆಕ್ಕು ಹೆದರಿದಾಗ ಅದರ ರಕ್ತದ ಸಕ್ಕರೆ ತಾತ್ಕಾಲಿಕವಾಗಿ ಬಹಳ ಏರುತ್ತದೆ. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬದೆ, ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿದರು. ರೋಗ ನಿಶ್ಚಯವಾಯಿತು.

ವೈದ್ಯರು ಮೂರು ದಾರಿಗಳನ್ನು ಮುಂದಿಟ್ಟರು. ಹನ್ನೆರಡು ತಾಸಿಗೊಮ್ಮೆ ಇನ್ಸುಲಿನ್ ಚುಚ್ಚುಮದ್ದು ಮತ್ತು ಪಿಷ್ಟ ಕಡಿಮೆ ಇರುವ ಮಾಂಸಮೂಲದ ಆಹಾರ ಕೊಡುವುದು. ಏನೂ ಮಾಡದೆ ಬಿಡುವುದು. ಅಥವಾ ನೋವಿಲ್ಲದ ಚುಚ್ಚುಮದ್ದಿನಿಂದ ಅದರ ಬಾಳನ್ನು ಮುಗಿಸುವುದು. ಮನೆಯಲ್ಲಿ ಒಂದು ದಿನವೆಲ್ಲ ಚರ್ಚೆ ನಡೆಯಿತು. ಕೊನೆಗೆ ಮನೆಯ ಹಿರಿಯ ತಾಯಿ ಮಗನಿಗೆ ಹೇಳಿದ ಮಾತು ಇಷ್ಟೇ: “ತಾನಾಗೇ ಬಂದ ಜೀವ ಐತಿ ತಮ್ಮಾ. ರೋಗ ಬಂತಂತ ಹೊರಗ ಹಾಕೂದು ನಮ್ಮ ಮನಿಗೆ ಒಪ್ಪೂದಿಲ್ಲ.” ಭಾವನೆ ದಾರಿಯನ್ನು ತೋರಿಸಿತು. ಆದರೆ ಭಾವನೆಯೊಂದೇ ಆ ದಾರಿಯನ್ನು ನಡೆಸಲಾರದು. ಒಂದೊಂದು ಹೆಜ್ಜೆಯಲ್ಲಿಯೂ ವಿಚಾರ ಬೇಕಾಯಿತು.

ಮೊದಲು ಕೊನೆಯ ಎರಡು ದಾರಿಗಳನ್ನು ನೋಡುವುದು ಒಳ್ಳೆಯದು. ದುಃಖಪಡುವ ಪ್ರಾಣಿಯನ್ನು ಕೊಂದರೆ ಅದರ ದುಃಖ ಬೇಗ ತೀರುತ್ತದೆ, ಆದ್ದರಿಂದ ಅದು ದಯೆಯೇ ಎಂಬ ವಾದ ಹೊಸದಲ್ಲ. ಸಾವಿರ ವರ್ಷಗಳಷ್ಟು ಹಿಂದೆಯೇ ಅಮೃತಚಂದ್ರಾಚಾರ್ಯರು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಎತ್ತಿಕೊಂಡು ತಿರಸ್ಕರಿಸಿದ್ದಾರೆ. ಅದೇ ಸಂದರ್ಭದಲ್ಲಿ ಅವರು ಇನ್ನೊಂದು ವಾದವನ್ನೂ ತಳ್ಳಿಹಾಕುತ್ತಾರೆ: ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ ಎಂಬುದು. ಬೆಕ್ಕಿನ ವಿಷಯದಲ್ಲಿ ಈ ಎರಡೂ ಮಾತುಗಳು ಕೇಳಿಬರುತ್ತವೆ. ‘ಇಲಿ ತಿನ್ನುವ ಪ್ರಾಣಿ ಸತ್ತರೆ ಏನಂತೆ’ ಎನ್ನುವವರೂ ಇದ್ದಾರೆ, ‘ಪಾಪ, ಬಿಡುಗಡೆ ಮಾಡಿ’ ಎನ್ನುವವರೂ ಇದ್ದಾರೆ. ಇಬ್ಬರಿಗೂ ಆಚಾರ್ಯರ ಉತ್ತರ ಒಂದೇ.

ಇನ್ನು ಚಿಕಿತ್ಸೆಯಿಲ್ಲದೆ ಬಿಡುವುದು. ಇದನ್ನು ಕೆಲವರು ಬೆಕ್ಕಿಗೆ ದೊರೆತ ಸಲ್ಲೇಖನವೆಂದು ಹೇಳಿ ಸಮಾಧಾನ ಪಡುವುದುಂಟು. ಇದು ದೊಡ್ಡ ಭ್ರಮೆ. ಸಲ್ಲೇಖನವು ತಿಳಿವಳಿಕೆಯುಳ್ಳ ಜೀವವು ತನ್ನ ಸ್ವಂತ ಇಚ್ಛೆಯಿಂದ, ಕಷಾಯಗಳನ್ನು ಕ್ಷೀಣಗೊಳಿಸಿ, ಗುರುಸಮಕ್ಷಮದಲ್ಲಿ ಸ್ವೀಕರಿಸುವ ವ್ರತ. ಒಬ್ಬರ ಪರವಾಗಿ ಇನ್ನೊಬ್ಬರು ಅದನ್ನು ಸ್ವೀಕರಿಸಲು ಬಾರದು. ಬೆಕ್ಕು ನೀರು ಬಯಸುತ್ತದೆ, ಅನ್ನ ಬಯಸುತ್ತದೆ, ಬದುಕಲು ಬಯಸುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಅದರ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ರಕ್ತದಲ್ಲಿ ಕೀಟೋನುಗಳು ಸೇರಿ ಆಮ್ಲತೆ ಏರುತ್ತದೆ. ವಾಂತಿ, ನಿತ್ರಾಣ, ಕೊನೆಗೆ ಮರಣ. ಹೊಟ್ಟೆ ತುಂಬ ತಿಂದರೂ ಉಪವಾಸ ಬಿದ್ದಂತೆ ಸಾಯುವ ಸ್ಥಿತಿಯದು. ಚಿಕಿತ್ಸೆ ಸಾಧ್ಯವಿರುವಾಗ ಅದನ್ನು ನೋಡುತ್ತ ಕೂರುವುದು ಉದಾಸೀನವೇ ಹೊರತು ವೈರಾಗ್ಯವಲ್ಲ. ಚಿಕಿತ್ಸೆ ಪಡೆದ ಬೆಕ್ಕುಗಳು ಅನೇಕ ವೇಳೆ ವರ್ಷಗಟ್ಟಲೆ ನೆಮ್ಮದಿಯಿಂದ ಬದುಕುತ್ತವೆ. ರೋಗ ಹೊಸದಾಗಿರುವಾಗಲೇ ಸಕ್ಕರೆಯನ್ನು ಹತೋಟಿಗೆ ತಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನಿನ ಅಗತ್ಯವೇ ತಪ್ಪುವುದೂ ಉಂಟು. ಮಾನವರ ಎರಡನೆಯ ಬಗೆಯ ಮಧುಮೇಹವನ್ನು ಬೆಕ್ಕಿನ ಈ ರೋಗ ಬಹಳವಾಗಿ ಹೋಲುತ್ತದೆ.

ಹಾಗಾದರೆ ಸೂಜಿ ಚುಚ್ಚುವುದು ಹಿಂಸೆಯಲ್ಲವೆ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಕ್ಕೆ ಆಗುವ ಘಾತವನ್ನು ಮಾತ್ರ ಹೇಳದೆ, ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದರ ಕಾರಣವಾಗಿ ಹೇಳಿದೆ. 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಡಿದದ್ದು ಹಿಟ್ಟಿನ ಕೋಳಿ, ರಕ್ತ ಹರಿಯಲಿಲ್ಲ. ಆದರೂ ಸಂಕಲ್ಪದಲ್ಲಿ ಕೊಲೆ ಇದ್ದುದರಿಂದ ಭವಭವಗಳ ದುಃಖ ಬೆನ್ನಟ್ಟಿತು. ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಂಕಲ್ಪದಲ್ಲಿ ಹಿತವಿದ್ದು, ಕೈಯಲ್ಲಿ ಎಚ್ಚರವಿದ್ದರೆ, ಹೆಗಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಕೂದಲೆಳೆಯಂತಹ ಸೂಜಿಯಿಂದ ಒಂದು ಹನಿ ಮದ್ದನ್ನು ಇಳಿಸುವುದು ಹಿಂಸೆಯಾಗಲಾರದು. ಆದರೆ ಇಲ್ಲಿ ಮಾತು ಮುಗಿಯುವುದಿಲ್ಲ. ‘ಸಂಕಲ್ಪ ಒಳ್ಳೆಯದು’ ಎಂಬುದು ಅರ್ಧ ಮಾತ್ರ. ‘ಕೈಯಲ್ಲಿ ಎಚ್ಚರವಿದೆ’ ಎಂಬುದು ಉಳಿದರ್ಧ. ಆ ಉಳಿದರ್ಧದ ಪರೀಕ್ಷೆ ಆ ವ್ಯಾಪಾರಿಯ ಮನೆಯಲ್ಲಿ ಮೂರನೆಯ ವಾರದಲ್ಲಿಯೇ ಬಂದಿತು.

ವೈದ್ಯರು ಹೊತ್ತಿಗೆ ಒಂದೇ ಯೂನಿಟ್ ಹೇಳಿದ್ದರು. ಒಂದು ಸಂಜೆ ಮಗ ಅಂಗಡಿಯಿಂದ ಬಂದು ಬೆಕ್ಕಿಗೆ ಊಟವಿಟ್ಟು ಚುಚ್ಚುಮದ್ದು ಕೊಟ್ಟು ಮತ್ತೆ ಅಂಗಡಿಗೆ ಹೋದನು. ಬಸದಿಯಿಂದ ಬಂದ ಸೊಸೆ, ಹೊತ್ತು ಮೀರಿತೆಂಬ ಗಾಬರಿಯಿಂದ, ಯಾರನ್ನೂ ಕೇಳದೆ ಇನ್ನೊಮ್ಮೆ ಕೊಟ್ಟಳು. ಇಬ್ಬರದೂ ಕರುಣೆಯೇ. ರಾತ್ರಿ ಹತ್ತರ ಹೊತ್ತಿಗೆ ಬೆಕ್ಕು ಅಮಲೇರಿದಂತೆ ಓಲಾಡಿತು, ಮೈ ನಡುಗಿತು, ಕರೆದರೆ ತಿರುಗಿ ನೋಡಲಿಲ್ಲ. ಕಿವಿಯ ಅಂಚಿನ ನರದಿಂದ ಒಂದು ಹನಿ ರಕ್ತ ತೆಗೆದು ನೋಡಿದಾಗ ಸಕ್ಕರೆ 46ಕ್ಕೆ ಇಳಿದಿತ್ತು. 60ಕ್ಕಿಂತ ಕೆಳಗೆ ಇಳಿದರೆ ಅಪಾಯವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಇಂತಹ ಹೊತ್ತಿನಲ್ಲಿ ಒಸಡಿಗೆ ಜೇನುತುಪ್ಪ ಸವರಿರೆಂದು ಅನೇಕ ಕಡೆ ಹೇಳುವುದುಂಟು. ಜೇನು ವರ್ಜ್ಯವಾದ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಒಸಡಿಗೆ ಸವರಿದರು. ಕೆಲಸ ಅದೇ ಆಗುತ್ತದೆ. ಪ್ರಜ್ಞೆ ಸರಿಯಿಲ್ಲದ ಪ್ರಾಣಿಯ ಬಾಯಿಗೆ ನೀರನ್ನು ಸುರಿಯಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ, ಸವರಬೇಕು ಅಷ್ಟೆ. ತುಸು ಚೇತರಿಸಿದ ಮೇಲೆ ಊಟ ಕೊಟ್ಟು, ರಾತ್ರಿಯೇ ವೈದ್ಯರಲ್ಲಿಗೆ ಒಯ್ದರು. ಬೆಳಗಿನ ಹೊತ್ತಿಗೆ ಬೆಕ್ಕು ಎದ್ದು ಕೂತಿತು.

ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ರಾತ್ರಿ ಹತ್ತಕ್ಕೆ ಪ್ರಾಣಿಗೆ ಊಟವಿಟ್ಟದ್ದು ಸರಿಯೇ ಎಂದು ಬಂಧುಗಳೊಬ್ಬರು ಕೇಳಿದರಂತೆ. ವ್ರತವು ಸ್ವೀಕರಿಸಿದವನದು, ಬೆಕ್ಕಿನದಲ್ಲ ಎಂಬುದೇ ಅದಕ್ಕೆ ಉತ್ತರ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಭಾರ ಹೇರುವುದು ಇವುಗಳ ಜೊತೆಗೆ ಐದನೆಯದಾಗಿ ಅನ್ನಪಾನವನ್ನು ತಡೆಯುವುದನ್ನೂ ಹೇಳಿದೆ. ಅಷ್ಟಮಿ, ಚತುರ್ದಶಿಗಳಂದು ಯಜಮಾನನು ಉಪವಾಸವಿದ್ದಾನೆಂದು ಇನ್ಸುಲಿನ್ ಪಡೆಯುವ ಪ್ರಾಣಿಯ ಊಟವನ್ನು ತಪ್ಪಿಸಿದರೆ ಅದು ಅತಿಚಾರ ಮಾತ್ರವಲ್ಲ, ಪ್ರಾಣಾಪಾಯ. ಬೆಕ್ಕು ಊಟ ಬಿಟ್ಟ ದಿನ ವಾಡಿಕೆಯ ಪ್ರಮಾಣವನ್ನು ಕೊಡದೆ ಮೊದಲು ವೈದ್ಯರನ್ನು ಕೇಳಬೇಕು. ಕೊಟ್ಟೆವೋ ಇಲ್ಲವೋ ಎಂಬ ಸಂಶಯ ಬಂದರೆ ಕೊಡದಿರುವುದೇ ಲೇಸು. ಒಂದು ಹೊತ್ತು ತಪ್ಪಿದರೆ ಸಕ್ಕರೆ ಏರೀತು, ಎರಡು ಬಾರಿ ಬಿದ್ದರೆ ಜೀವವೇ ಹೋದೀತು. ನಿತ್ಯದ ಊಟವನ್ನು ಆ ಮನೆಯವರು ಬೆಳಿಗ್ಗೆ ಆರು ಮತ್ತು ಸಂಜೆ ಆರಕ್ಕೆ ಗೊತ್ತುಮಾಡಿದರು. ಹನ್ನೆರಡು ತಾಸಿನ ಅಂತರವೂ ಉಳಿಯಿತು, ಮನೆಯ ಕಟ್ಟಳೆಯೂ ಉಳಿಯಿತು.

ಆ ರಾತ್ರಿಯ ಅನಂತರ ವ್ಯಾಪಾರಿ ಮಾಡಿದ ಕೆಲಸ ಗಮನಾರ್ಹವಾದುದು. ಅಂಗಡಿಯಲ್ಲಿ ಒಂದು ರೂಪಾಯಿ ಬಂದರೂ ರೋಜುಕೀರ್ದಿಯಲ್ಲಿ ಬರೆಯುವವನು, ಮನೆಯಲ್ಲಿ ಒಂದು ಜೀವದ ವಿಷಯವನ್ನು ನೆನಪಿಗೆ ಬಿಟ್ಟಿದ್ದನು. ಮರುದಿನ ಒಂದು ಹೊಸ ಕೀರ್ದಿ ಪುಸ್ತಕ ಬೆಕ್ಕಿನ ಹೆಸರಿನಲ್ಲಿ ಆರಂಭವಾಯಿತು. ದಿನಾಂಕ, ವೇಳೆ, ತಿಂದ ಆಹಾರದ ತೂಕ, ಕುಡಿದ ನೀರು, ರಕ್ತದ ಸಕ್ಕರೆ, ಕೊಟ್ಟ ಯೂನಿಟ್, ಕೊಟ್ಟವರ ಸಹಿ. ಸಹಿ ಇಲ್ಲದೆ ಸೂಜಿ ಇಲ್ಲ. ವಾರಕ್ಕೊಮ್ಮೆ ತೂಕ. ವೈದ್ಯರು ಹೇಳಿದ ದಿನ ಬೆಳಗಿನಿಂದ ಸಂಜೆಯವರೆಗೆ ಎರಡು ತಾಸಿಗೊಮ್ಮೆ ಸಕ್ಕರೆಯನ್ನು ಅಳೆದು, ಅದು ಎಲ್ಲಿಯವರೆಗೆ ಇಳಿಯಿತು, ಯಾವಾಗ ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು ಎಂಬ ಗೆರೆಯನ್ನು ಬರೆಯುವುದು. ಮಾನವರಿಗಾಗಿ ಮಾಡಿದ ಅಳತೆಯ ಯಂತ್ರಗಳು ಬೆಕ್ಕಿನ ರಕ್ತದಲ್ಲಿ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆಯಾಗಿ ತೋರಿಸುತ್ತವೆಂಬುದನ್ನು ನೆನಪಿಟ್ಟು, ಯಾವ ಯಂತ್ರವೆಂಬುದನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದರು. ಒಂದು ದಿನದ ಅಂಕಿಯನ್ನು ಕಂಡು ತಾವಾಗಿ ಪ್ರಮಾಣವನ್ನು ಏರಿಸುವುದನ್ನೂ ಬಿಟ್ಟರು. ಹೊಸ ಪ್ರಮಾಣವು ದೇಹದಲ್ಲಿ ನೆಲೆಗೊಳ್ಳಲು ಕೆಲವು ದಿನಗಳು ಬೇಕು.

ಸಿರಿಂಜಿನ ಲೆಕ್ಕವೂ ವ್ಯಾಪಾರಿಯ ಕಣ್ಣಿಗೇ ಬಿದ್ದಿತು. ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಒಂದು ಯೂನಿಟ್ಟಲ್ಲ, ಎರಡೂವರೆ ಯೂನಿಟ್. ತಕ್ಕಡಿ ಒಂದು, ಕಲ್ಲು ಇನ್ನೊಂದು ಆದಂತೆ. ವ್ಯಾಪಾರದಲ್ಲಿ ತಪ್ಪು ಅಳತೆಯನ್ನು ಅಚೌರ್ಯವ್ರತದ ಅತಿಚಾರವೆನ್ನುತ್ತಾರೆ. ಇಲ್ಲಿ ಅದೇ ತಪ್ಪು ಅಹಿಂಸಾವ್ರತಕ್ಕೆ ತಗಲುತ್ತದೆ. ವಸ್ತುಗಳನ್ನು ಎತ್ತುವಾಗ, ಇಡುವಾಗ ಎಚ್ಚರವಿರಬೇಕೆಂಬ ಸಮಿತಿಯು ಮುನಿಗಳಿಗೆ ವಿಧಿಸಿದ್ದು. ಆದರೆ ಬಳಸಿದ ಸೂಜಿಯನ್ನು ಮನೆಯ ಕಸದಲ್ಲಿ ಎಸೆದು ಪೌರಕಾರ್ಮಿಕರ ಕೈಗೆ ಚುಚ್ಚಿಸುವ ಶ್ರಾವಕನು ಆ ಸಮಿತಿಯ ನೆರಳನ್ನಾದರೂ ಪಾಲಿಸಬೇಡವೆ? ಗಟ್ಟಿಯಾದ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸುವುದು ಕಷ್ಟದ ಕೆಲಸವಲ್ಲ.

ಈಗ ಔಷಧದ ಮೂಲದ ಪ್ರಶ್ನೆ. ಇದನ್ನು ಮುಚ್ಚಿಟ್ಟು ಮಾತನಾಡುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದುದನ್ನು ಕಂಡರು. 1921ರಲ್ಲಿ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮಾಡಿದ ಪ್ರಯೋಗಗಳಲ್ಲಿ ಅನೇಕ ನಾಯಿಗಳು ಪ್ರಾಣ ತೆತ್ತವು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಕೊಟ್ಟ ಇನ್ಸುಲಿನ್ ದನಗಳ ಗ್ರಂಥಿಯಿಂದ ತೆಗೆದದ್ದು. ಮುಂದೆ ಆರು ದಶಕಗಳ ಕಾಲ ಲೋಕದ ಇನ್ಸುಲಿನೆಲ್ಲ ಕಸಾಯಿಖಾನೆಯ ದನ ಮತ್ತು ಹಂದಿಗಳಿಂದಲೇ ಬರುತ್ತಿತ್ತು. 1978ರಲ್ಲಿ ಮಾನವ ಇನ್ಸುಲಿನಿನ ತಳಿವಾಹಕವನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ಅದರಿಂದ ಇನ್ಸುಲಿನ್ ತಯಾರಿಸುವುದು ಸಾಧ್ಯವಾಯಿತು. 1982ರಲ್ಲಿ ಅದು ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಒಂದು ಬಗೆಯ ಯೀಸ್ಟಿನ ಮೂಲಕ ಮಾನವ ಇನ್ಸುಲಿನನ್ನು ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು.

ಬೆಕ್ಕಿನ ದೇಹದ ಇನ್ಸುಲಿನ್ ದನದ ಇನ್ಸುಲಿನಿಗೆ ಬಹಳ ಹತ್ತಿರವಾದುದು; ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು. ಆದರೂ ಮಾನವ ಇನ್ಸುಲಿನೂ, ಅದನ್ನು ಮಾರ್ಪಡಿಸಿ ಮಾಡಿದ ಗ್ಲಾರ್ಜಿನ್ ಎಂಬುದೂ ಬೆಕ್ಕಿಗೆ ಚೆನ್ನಾಗಿ ಒಗ್ಗುತ್ತವೆ. ಹಂದಿಯಿಂದ ತೆಗೆದ ಪಶುವೈದ್ಯಕೀಯ ಇನ್ಸುಲಿನ್ ಇಂದಿಗೂ ಇದೆ. ಆದ್ದರಿಂದ ಕೇಳಿ ತಿಳಿದು ಆರಿಸಿಕೊಳ್ಳುವ ಹೊಣೆ ಶ್ರಾವಕನದು. ಬ್ಯಾಕ್ಟೀರಿಯಾ, ಯೀಸ್ಟುಗಳೂ ಜೀವಗಳೇ ಎಂದು ಆಕ್ಷೇಪಿಸಬಹುದು. ಅವುಗಳನ್ನು ಏಕೇಂದ್ರಿಯಗಳೆಂದು ಗಣಿಸಿದರೂ, ಗೃಹಸ್ಥನ ಅಣುವ್ರತವು ತ್ರಸಜೀವಿಗಳ ಸಂಕಲ್ಪಹಿಂಸೆಯ ತ್ಯಾಗವನ್ನು ಮುಖ್ಯವಾಗಿ ವಿಧಿಸಿ, ಸ್ಥಾವರಗಳ ವಿಷಯದಲ್ಲಿ ಅನಗತ್ಯ ಘಾತವನ್ನು ಬಿಡಲು ಹೇಳುತ್ತದೆ. ಪಂಚೇಂದ್ರಿಯ ಜೀವಿಯ ಕೊಲೆಯಿಂದ ಬಂದ ಮದ್ದಿಗೂ ಇದಕ್ಕೂ ಅಂತರ ಅಪಾರ. 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೂ 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ದ್ರವೌಷಧಕ್ಕೂ ಅಮೆರಿಕದಲ್ಲಿ ಬೆಕ್ಕುಗಳಿಗಾಗಿ ಒಪ್ಪಿಗೆ ದೊರೆತಿದೆ. ಇವು ಸೂಜಿಯನ್ನು ತಪ್ಪಿಸುತ್ತವೆ. ಆದರೆ ಹಿಂದೆ ಇನ್ಸುಲಿನ್ ಪಡೆದಿರದ, ಬೇರೆ ರೋಗವಿಲ್ಲದ ಬೆಕ್ಕುಗಳಿಗೆ ಮಾತ್ರ ಇವು ತಕ್ಕವು. ಅವುಗಳಿಂದ ಕೀಟೋನಿನ ಅಪಾಯವೂ ಇರುವುದರಿಂದ ವೈದ್ಯರ ಕಣ್ಗಾವಲು ಬೇಕು. ಹೀಗೆ ಔಷಧದ ಮೂಲವನ್ನು ಇಂದು ಶುದ್ಧವಾಗಿ ಆರಿಸಿಕೊಳ್ಳಬಹುದು. ಆದರೆ ಈ ಶುದ್ಧಿಯ ಹಿಂದೆ ಆ ನಾಯಿಗಳ, ದನಗಳ ಋಣ ಇದೆ. ಅದನ್ನು ತೀರಿಸಲು ಬಾರದು, ಮರೆಯದಿರಬಹುದು.

ಎಲ್ಲಕ್ಕಿಂತ ಕಠಿಣವಾದುದು ಆಹಾರದ ಪ್ರಶ್ನೆ. ಬೆಕ್ಕು ತನ್ನ ದೇಹರಚನೆಯಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅದು ದೊರೆಯದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಕ್ಯಾರೆಟ್ಟಿನಲ್ಲಿರುವಂತಹ ಸಸ್ಯಾಂಶದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಮಧುಮೇಹವಿರುವಾಗ ಅನ್ನ, ರೊಟ್ಟಿಗಳ ಪಿಷ್ಟವು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಆದ್ದರಿಂದಲೇ ವೈದ್ಯರು ಮಾಂಸಮೂಲದ ಆಹಾರವನ್ನು ಹೇಳಿದ್ದು.

ಜೈನ ಪರಂಪರೆ ಈ ತೊಡಕನ್ನು ಮೊದಲೇ ಕಂಡಿತ್ತು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ವೃತ್ತಿಗಳನ್ನು ಹೇಳುವಾಗ ಹಣಕ್ಕಾಗಿ ಬೆಕ್ಕು, ನಾಯಿ ಮುಂತಾದವನ್ನು ಸಾಕುವುದನ್ನೂ ಸೇರಿಸಿದ್ದಾರೆ. ಇಲಿ ಹಿಡಿಯಲೆಂದು ಬೆಕ್ಕನ್ನು ತಂದು ಸಾಕುವ ಕಾಳಿನ ವ್ಯಾಪಾರಿಗಳು ಇದನ್ನು ಮನನ ಮಾಡಬೇಕು. ಇತ್ತ, ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೆಂಬ ವೈದ್ಯಗ್ರಂಥವು ಔಷಧದಲ್ಲಿ ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುತ್ತದೆ; ಮಾಂಸಭಕ್ಷಣೆಯ ನಿರರ್ಥಕತೆಯನ್ನು ರಾಜಸಭೆಯಲ್ಲಿ ವಾದಿಸಿದ ಪ್ರಕರಣವೂ ಅದರಲ್ಲಿದೆ. ಆದರೆ ಆ ವಾದ ಮಾನವರ ದೇಹದ ಕುರಿತಾದುದು. ಅದನ್ನು ಹಾಗೆಯೇ ಬೆಕ್ಕಿನ ದೇಹಕ್ಕೆ ಅನ್ವಯಿಸಲು ಬಾರದು.

ಆ ಮನೆಯವರು ಮಾಂಸವನ್ನು ಕೊಳ್ಳಲಾರೆವೆಂದು ವೈದ್ಯರಿಗೆ ಮೊದಲ ದಿನವೇ ತಿಳಿಸಿದರು. ಇದು ಸಣ್ಣ ವಿಷಯವಲ್ಲ. ವೈದ್ಯರೆದುರು ‘ಆಗಲಿ’ ಎಂದು, ಮನೆಯಲ್ಲಿ ಹಾಲನ್ನವನ್ನೇ ಹಾಕಿ, ಅವರು ಬೇರೆ ಆಹಾರಕ್ಕೆಂದು ಹೇಳಿದ ಪ್ರಮಾಣವನ್ನು ಕೊಡುವುದು ಅಸತ್ಯವೂ ಹೌದು, ಅಪಾಯವೂ ಹೌದು. ನಿಜ ತಿಳಿದ ವೈದ್ಯರು ಅನ್ನವನ್ನು ನಿಲ್ಲಿಸಿ, ಹಾಲನ್ನು ಕಡಿಮೆ ಮಾಡಿ, ಕೃತಕವಾಗಿ ತಯಾರಿಸಿದ ಟಾರಿನ್ ಮತ್ತು ಜೀವಸತ್ವಗಳನ್ನು ಸೇರಿಸಿದ ಸಸ್ಯಮೂಲದ ಸಿದ್ಧ ಆಹಾರವನ್ನೂ ಸ್ವಲ್ಪ ಪನೀರನ್ನೂ ಪ್ರತಿದಿನ ಒಂದೇ ತೂಕದಲ್ಲಿ ಕೊಡುವಂತೆ ಹೇಳಿ, ಆ ಆಹಾರಕ್ಕೆ ತಕ್ಕಂತೆ ಇನ್ಸುಲಿನನ್ನು ಹೊಂದಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಇಂತಹ ಆಹಾರದಲ್ಲಿ ಪಿಷ್ಟ ಸಾಮಾನ್ಯವಾಗಿ ಹೆಚ್ಚು, ಇನ್ಸುಲಿನಿನ ಅಗತ್ಯವೇ ತಪ್ಪುವ ಅವಕಾಶ ಇದರಿಂದ ಕುಗ್ಗುತ್ತದೆ.

ಈ ಮಾತಿನ ಭಾರವನ್ನು ತಪ್ಪಿಸಿಕೊಳ್ಳಬಾರದು. ಮನೆಯ ವ್ರತ ಉಳಿಯಿತು. ಅದರ ಬೆಲೆಯ ಒಂದು ಪಾಲನ್ನು ಬೆಕ್ಕು ತನ್ನ ಮೈಯಿಂದ ತೆರುತ್ತಿದೆ. ಮಾಂಸವನ್ನು ಕೊಂಡಿದ್ದರೆ ಬೇರೊಂದು ಪಂಚೇಂದ್ರಿಯ ಜೀವ ಪೂರ್ತಿ ಬೆಲೆ ತೆರುತ್ತಿತ್ತು. ಆಳಿನ ಕೈಯಲ್ಲಿ ತರಿಸಿ ‘ತಾನು ಮುಟ್ಟಲಿಲ್ಲ’ ಎನ್ನುವುದಕ್ಕೂ ಅವಕಾಶವಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಒಂದೇ ಖಾತೆಯ ಬಾಬುಗಳು. ಎರಡು ದಾರಿಗಳಲ್ಲಿ ಒಂದೂ ನಿರ್ಮಲವಲ್ಲದಾಗ ಕಡಿಮೆ ಘಾತದ್ದನ್ನು ಆರಿಸಿ, ಉಳಿದ ದೋಷವನ್ನು ಪ್ರತಿಕ್ರಮಣದಲ್ಲಿ ಹೆಸರು ಹಿಡಿದು ಹೇಳಿಕೊಳ್ಳುವುದೇ ಗೃಹಸ್ಥನ ದಾರಿ. ಆದರೆ ಇದಕ್ಕೆ ಒಂದು ಮಿತಿಯುಂಟು. ಬೆಕ್ಕು ಆ ಆಹಾರವನ್ನು ಒಲ್ಲದೆ ಸೊರಗಿದರೆ, ಸಕ್ಕರೆ ಹತೋಟಿಗೆ ಬಾರದೆ ಹೋದರೆ, ತನ್ನ ವ್ರತಕ್ಕಾಗಿ ಅದನ್ನು ಹಸಿವಿಗೆ ಒಪ್ಪಿಸುವ ಅಧಿಕಾರ ಯಾರಿಗೂ ಇಲ್ಲ. ಆಗ ಅದನ್ನು ಅದರ ಸ್ವಭಾವಕ್ಕೆ ತಕ್ಕ ಆಹಾರ ಕೊಡಬಲ್ಲ, ಚುಚ್ಚುಮದ್ದನ್ನು ಬಲ್ಲ ಮನೆಗೆ ಒಪ್ಪಿಸುವುದು ಲೇಸು. ಹಾಗೆ ಒಪ್ಪಿಸಿದವನು ತನ್ನ ಕೈ ಸಂಪೂರ್ಣ ಶುದ್ಧವೆಂದು ಹೇಳಿಕೊಳ್ಳಬಾರದು. ಸಾಕಲು ಒಪ್ಪಿದವರನ್ನು ಕೀಳೆಂದು ಕಾಣಲೂ ಬಾರದು. ದಿಲ್ಲಿಯ ಕೆಂಪುಕೋಟೆಯೆದುರಿನ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆಯಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಒಳಗೆ ಇರಿಸಿಕೊಳ್ಳದೆ ಹೊರರೋಗಿಗಳಾಗಿ ನೋಡುವ ಪದ್ಧತಿ ಪ್ರಸಿದ್ಧವಾಗಿದೆ. ತನ್ನ ಮಿತಿಯನ್ನು ಒಪ್ಪಿಕೊಂಡೇ, ಗಾಯಗೊಂಡ ಹದ್ದಿಗೂ ಔಷಧವನ್ನು ನಿರಾಕರಿಸದ ಈ ವಿವೇಕ ಅನುಕರಣೀಯ.

ಕೊನೆಯದಾಗಿ ಉಳಿಯುವ ಆಕ್ಷೇಪ ಹಣದ್ದು. ಇನ್ಸುಲಿನ್ ಕೊಳ್ಳಲಾರದ ಮಾನವರು ಊರಿನಲ್ಲಿರುವಾಗ ಬೆಕ್ಕಿಗೆ ಇಷ್ಟು ವೆಚ್ಚವೇ? ಇದು ದಯೆಯೋ, ತನ್ನದೆಂಬ ಮೋಹವೋ? ಈ ಪ್ರಶ್ನೆಯನ್ನು ಮೊದಲು ಎತ್ತಿದವನು ಆ ವ್ಯಾಪಾರಿಯೇ. ಇನ್ಸುಲಿನನ್ನು ಕಂಡುಹಿಡಿದವರು 1923ರಲ್ಲಿ ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರೆಂಬುದನ್ನು ಓದಿ ಅವನು ನಾಚಿದನಂತೆ. ಅನ್ಯದೇಶದ ಅನ್ಯಧರ್ಮೀಯರು ನಡೆಸಿ ತೋರಿದ ಅಪರಿಗ್ರಹವದು. ಅವನು ಬೆಕ್ಕಿನ ಔಷಧವನ್ನು ನಿಲ್ಲಿಸಲಿಲ್ಲ. ಬೆಕ್ಕಿಗಾಗಿ ಎಷ್ಟು ಕೊಳ್ಳುವನೋ ಅಷ್ಟನ್ನೇ ಬಸದಿಯ ಔಷಧದಾನದ ನಿಧಿಗೆ ಜಮಾ ಮಾಡಿ, ಊರಿನ ಬಡ ಮಧುಮೇಹಿಯೊಬ್ಬರಿಗೆ ಇನ್ಸುಲಿನ್ ದೊರೆಯುವಂತೆ ಮಾಡಿದನು. ಮೋಹವಾಗಿದ್ದರೆ ಅದು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ಹೊಸ್ತಿಲು ದಾಟಿದ್ದರಿಂದ ಅದನ್ನು ದಯೆ ಎನ್ನಬಹುದು.

ಬಸದಿಗಳ ಧರ್ಮದರ್ಶಿ ಮಂಡಲಿಗಳು ಇದರಿಂದ ಗ್ರಹಿಸಬಹುದಾದ ಕೆಲವು ಕೆಲಸಗಳಿವೆ. ಔಷಧದಾನದ ನಿಧಿಯಲ್ಲಿ ದೀರ್ಘರೋಗಗಳ ಮದ್ದಿಗೆ ಒಂದು ಪಾಲನ್ನು ಇಡುವುದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಹೆಪ್ಪುಗಟ್ಟದಂತೆ ಇರಬೇಕಾದುದರಿಂದ ಅದಕ್ಕೆಂದೇ ಒಂದು ಫ್ರಿಜ್ಜನ್ನು ಇಡುವುದು. ಸೂಜಿಗಳನ್ನು ಹಿಂತಿರುಗಿಸಲು ಒಂದು ಗಟ್ಟಿ ಡಬ್ಬಿಯನ್ನು ಇಡುವುದು. ಪ್ರಾಣಿಗಳಿಗೆ ಚುಚ್ಚುಮದ್ದು ಕೊಡುವುದನ್ನು ಪಶುವೈದ್ಯರಿಂದ ಯುವಕ ಯುವತಿಯರಿಗೆ ಕಲಿಸುವುದು. ಇವುಗಳಿಗೆ ಹಣಕ್ಕಿಂತ ವ್ಯವಸ್ಥೆ ಮುಖ್ಯ.

ಆ ಬೆಕ್ಕಿನ ಕೀರ್ದಿ ಪುಸ್ತಕ ಈಗ ಎರಡನೆಯ ಸಂಪುಟದಲ್ಲಿದೆ. ಹಿಂಗಾಲು ಬಹುಮಟ್ಟಿಗೆ ಸರಿಯಾಗಿದೆ. ಇನ್ಸುಲಿನ್ ಮಾತ್ರ ತಪ್ಪಿಲ್ಲ. ಸೊಸೆಗೆ ಆ ರಾತ್ರಿಯ ನೆನಪು ಇನ್ನೂ ಮಾಸಿಲ್ಲ. ಸೂಜಿ ಹಿಡಿಯುವ ಮೊದಲು ಪುಸ್ತಕದ ಪುಟವನ್ನು ಗಟ್ಟಿಯಾಗಿ ಓದುತ್ತಾಳೆ. ದಯೆಯು ಹೃದಯದಲ್ಲಿ ಹುಟ್ಟಿದರೂ ಅದು ಉಳಿಯುವುದು ಅಪ್ರಮಾದದಲ್ಲಿ ಎಂಬುದನ್ನು ಆ ಮನೆಯವರು ಗ್ರಂಥದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ, ಮಾತಿಲ್ಲದ ಒಂದು ಜೀವದ ನಡುಕದಿಂದ ಕಲಿತರು.